ನ್ಯೂಟ್ರಿಷನ್ ಪದವಿಗೆ ಎಲ್ಲಿ ಸೇರುವುದು: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಮಗಳು ನ್ಯೂಟ್ರಿಷನ್ ಓದುತ್ತೇನೆ ಎನ್ನುತ್ತಾಳೆ. ಹೊಳೆನರಸೀಪುರದ ಗೃಹವಿಜ್ಞಾನ ಕಾಲೇಜಿಗೆ ಸೇರಿಸುವುದೋ, ಮೈಸೂರಿನ ಹಾಸ್ಟೆಲಿನಲ್ಲಿ ಬಿಡುವುದೋ, ಸಾಲ ಮಾಡಿಯಾದರೂ ಸ್ವಂತ ಆಸ್ಪತ್ರೆಯಿರುವ ಖಾಸಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸುವುದೋ, ಇಲ್ಲವೇ ಊರಿನಲ್ಲೇ ಮಾಮೂಲಿ ಬಿ.ಎಸ್ಸಿ. ಮಾಡಿಸಿ ಮುಂದೆ ನೋಡಿಕೊಳ್ಳುವುದೋ ಎಂದು ಮನೆಯವರು ತೀರ್ಮಾನಕ್ಕೆ ಬಾರದೆ ತೊಳಲಾಡುತ್ತಾರೆ. ಕೋರ್ಸುಗಳ ಹೆಸರುಗಳು ಒಂದರಂತೆ ಇನ್ನೊಂದು ಇರುವುದು ಈ ತೊಳಲಾಟವನ್ನು ಹೆಚ್ಚಿಸುತ್ತದೆ. ಗೃಹವಿಜ್ಞಾನ, ಆಹಾರ ಮತ್ತು ಪೋಷಣೆ, ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ (ಪಥ್ಯಾಹಾರದ ವಿದ್ಯೆ), ಸಮುದಾಯ ವಿಜ್ಞಾನ, ಆಹಾರ ತಂತ್ರಜ್ಞಾನ ಇವೆಲ್ಲವೂ ಅನ್ನದ ಸುತ್ತಲೇ ಇರುವ ಓದುಗಳಾದರೂ ತಲುಪಿಸುವ ಜಾಗಗಳು ಬೇರೆ ಬೇರೆ.

ಕಾಲೇಜುಗಳ ಹೆಸರಿಗೆ ಕೈಹಾಕುವ ಮೊದಲು ಯಾವುದರಿಂದ ಅಳೆಯಬೇಕೆಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ.

ಯಾವುದರಿಂದ ಅಳೆಯಬೇಕು

ಮೊದಲನೆಯ ಮತ್ತು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಓದು ಮುಗಿದ ಮೇಲೆ ಯಾರ ನಡುವೆ ಕೆಲಸ ಮಾಡುವ ಆಸೆ ಇದೆ ಎಂಬುದು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗೆ ಪಥ್ಯ ಬರೆದುಕೊಡುವ ಡಯಟಿಷಿಯನ್ ಕೆಲಸ ಒಂದು ಬಗೆ. ಅಂಗನವಾಡಿ, ಶಾಲೆ, ತೋಟದ ಕಾರ್ಮಿಕರ ಲೈನುಮನೆಗಳಲ್ಲಿ ತಾಯಿ ಮಕ್ಕಳ ನಡುವೆ ಓಡಾಡುವ ಸಮುದಾಯ ಪೋಷಣೆಯ ಕೆಲಸ ಇನ್ನೊಂದು ಬಗೆ. ಹಾಲು, ಬಿಸ್ಕತ್ತು, ಕಾಫಿ, ಮಸಾಲೆ ಪದಾರ್ಥಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವುದು ಮೂರನೆಯದು. ಪಾಠ ಹೇಳುವುದು ಅಥವಾ ಸಂಶೋಧನೆ ಮಾಡುವುದು ನಾಲ್ಕನೆಯದು. ಹದಿನೆಂಟರ ವಯಸ್ಸಿನಲ್ಲಿ ಇದಕ್ಕೆ ಖಚಿತ ಉತ್ತರ ಎಲ್ಲರಲ್ಲೂ ಇರುವುದಿಲ್ಲ, ಇರಬೇಕೆಂದೂ ಇಲ್ಲ. ಆದರೆ ಉತ್ತರ ಖಚಿತವಿಲ್ಲದವರು ದುಬಾರಿಯಾದ ಮತ್ತು ಒಂದೇ ಕೆಲಸಕ್ಕೆ ಕಟ್ಟಿಹಾಕುವ ಕೋರ್ಸಿಗೆ ಸೇರಬಾರದು ಎಂಬುದನ್ನಂತೂ ಧೈರ್ಯವಾಗಿ ಹೇಳಬಹುದು.

ಎರಡನೆಯದು ಆಸ್ಪತ್ರೆಯ ತರಬೇತಿ. ಪುಸ್ತಕ ಓದಿ ಪಥ್ಯ ಬರೆಯುವುದಕ್ಕೂ ರೋಗಿಯ ಎದುರು ಕುಳಿತು ಬರೆಯುವುದಕ್ಕೂ ಅಜಗಜಾಂತರವಿದೆ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರು ‘ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ, ಆದರೂ ಸಕ್ಕರೆ ಇಳಿಯುತ್ತಿಲ್ಲ’ ಎಂದರೆ ವಿದ್ಯಾರ್ಥಿನಿ ಏನು ಹೇಳಬೇಕು? ಭಾರತೀಯ ಆಹಾರ ಸಂಯೋಜನೆಯ 2017ರ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರೂ ಸಾಕಷ್ಟಿದೆ. ಆದರೆ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಸುಮಾರು 67 ಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು ಸುಮಾರು 78 ಗ್ರಾಂ. ಹಾಗಾಗಿ ಮುದ್ದೆಯ ಗಾತ್ರ ಎಷ್ಟು, ಹೊತ್ತಿಗೆ ಎಷ್ಟು ಮುದ್ದೆ, ಜೊತೆಗೆ ಬಸ್ಸಾರೋ ಸೊಪ್ಪಿನ ಪಲ್ಯವೋ ಬರೀ ತಿಳಿಸಾರೋ ಎಂದು ಕೇಳಿ ತಿಳಿದೇ ಉತ್ತರ ಕೊಡಬೇಕು. ಅರಸೀಕೆರೆಯ ಕಡೆಯವರ ಮುದ್ದೆಯ ಊಟಕ್ಕೆ ಬರೆದ ಪಟ್ಟಿ ಮೂಡಿಗೆರೆಯ ಕಡೆಯವರ ಅಕ್ಕಿರೊಟ್ಟಿ, ಕಡುಬಿನ ಊಟಕ್ಕೆ ಒಗ್ಗುವುದಿಲ್ಲ. ಮೂತ್ರಪಿಂಡದ ತೊಂದರೆಯಿರುವವರಿಗೆ ಪೊಟ್ಯಾಸಿಯಂ ತಗ್ಗಿಸಬೇಕಾದಾಗ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದುಬಿಡಲು ಹೇಳುತ್ತಾರೆ. ಬಸಿದ ಕಟ್ಟಿನಲ್ಲೇ ಸಾರು ಮಾಡುವ ನಮ್ಮ ಮನೆಗಳಲ್ಲಿ ಈ ಮಾತನ್ನು ಒಪ್ಪಿಸುವುದೇ ಒಂದು ವಿದ್ಯೆ. ಇಂಥ ಸಂದರ್ಭಗಳು ಓದುವ ವರ್ಷಗಳಲ್ಲಿ ಎಷ್ಟು ಸಲ ಎದುರಾಗುತ್ತವೆ ಎಂಬುದರ ಮೇಲೆ ಡಯಟಿಷಿಯನ್ ಆಗಬಯಸುವವರ ತಯಾರಿ ನಿಂತಿದೆ.

ಮೂರನೆಯದು ಮುಂದಿನ ಓದಿನ ದಾರಿ. ಪದವಿಯೊಂದೇ ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಸಾಲುವುದಿಲ್ಲ. 1963ರಲ್ಲಿ ಸ್ಥಾಪನೆಯಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ನೋಂದಾಯಿತ ಡಯಟಿಷಿಯನ್ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಮಟ್ಟದ ಓದು ಮತ್ತು ಆಸ್ಪತ್ರೆಯ ಇಂಟರ್ನ್‌ಶಿಪ್ ಬೇಕು. ದೊಡ್ಡ ಆಸ್ಪತ್ರೆಗಳು ಕೆಲಸಕ್ಕೆ ಕರೆಯುವಾಗ ಎಂ.ಎಸ್ಸಿ. ಮುಗಿಸಿದವರತ್ತಲೇ ಮೊದಲು ನೋಡುತ್ತವೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ಎಂ.ಎಸ್ಸಿ. ನಂತರ ಗೃಹವಿಜ್ಞಾನ ವಿಷಯದಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಅಥವಾ ಕೆ-ಸೆಟ್ ಬರೆಯಬೇಕು. ಆದ್ದರಿಂದ ಲೆಕ್ಕ ಹಾಕುವಾಗ ಮೂರು ವರ್ಷದ ಖರ್ಚನ್ನಲ್ಲ, ಐದು ವರ್ಷದ ಖರ್ಚನ್ನು ಮುಂದಿಟ್ಟುಕೊಳ್ಳಬೇಕು. ಪದವಿಗೇ ಕೈಯಲ್ಲಿದ್ದ ಹಣವೆಲ್ಲ ಸುರಿದು ಎಂ.ಎಸ್ಸಿ.ಗೆ ಹೊಂದಿಸಲಾಗದೆ ನಿಂತುಹೋದವರ ಪಾಡು ಯಾರಿಗೂ ಬೇಡ.

ಇನ್ನುಳಿದವು ದೂರ, ವಸತಿ ಮತ್ತು ಪ್ರವೇಶದ ಅರ್ಹತೆ; ಅವುಗಳನ್ನು ಆಯಾ ದಾರಿಯ ಜೊತೆಯಲ್ಲೇ ನೋಡಬಹುದು.

ಹೊಳೆನರಸೀಪುರದ ಗೃಹವಿಜ್ಞಾನ

ಹಾಸನ ಜಿಲ್ಲೆಯ ಹೆಣ್ಣುಮಕ್ಕಳಿಗೆ ಅತ್ಯಂತ ಹತ್ತಿರದ ಆಯ್ಕೆಯೆಂದರೆ ಹೊಳೆನರಸೀಪುರದ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜು. ಗೃಹವಿಜ್ಞಾನವೆಂದರೆ ಅಡುಗೆ ಕಲಿಸುವ ಓದು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಇದು ಸಂಪೂರ್ಣ ತಪ್ಪು. ಪೋಷಣೆ, ಜೀವರಸಾಯನ, ಮಾನವ ಅಭಿವೃದ್ಧಿ, ಜವಳಿ, ಸಂಪನ್ಮೂಲ ನಿರ್ವಹಣೆ, ವಿಸ್ತರಣಾ ಶಿಕ್ಷಣ ಎಲ್ಲವೂ ಸೇರಿದ ವಿಶಾಲವಾದ ಓದು ಅದು. ಅದರ ಬಲವೂ ಮಿತಿಯೂ ಈ ವಿಶಾಲತೆಯಲ್ಲೇ ಇವೆ. ಮಗುವಿನ ತೂಕ ಏಕೆ ಏರುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ತಟ್ಟೆಯಲ್ಲಿರುವುದಿಲ್ಲ. ತಾಯಿ ಬೆಳಿಗ್ಗೆ ಎಂಟಕ್ಕೆ ಕಾಫಿ ತೋಟದ ಕೆಲಸಕ್ಕೆ ಹೋಗಿ ಸಂಜೆ ಮರಳುವ ದಿನಚರಿಯಲ್ಲಿರುತ್ತದೆ. ಮಗುವಿನ ಬೆಳವಣಿಗೆ, ಮನೆಯ ಆದಾಯ, ತಿಳಿವಳಿಕೆ ಹೇಳುವ ಕ್ರಮ ಇವನ್ನೆಲ್ಲ ಒಟ್ಟಿಗೆ ಓದಿದವರಿಗೆ ಇದು ಬೇಗ ಹೊಳೆಯುತ್ತದೆ. ಆದರೆ ಅದೇ ಕಾರಣಕ್ಕೆ ರೋಗಕ್ಕೆ ಸಂಬಂಧಿಸಿದ ಪಥ್ಯಾಹಾರಕ್ಕೆ ಸಿಗುವ ಗಂಟೆಗಳು ಇಲ್ಲಿ ಕಡಿಮೆ.

ಖರ್ಚಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ಹಣವೂ ಇಲ್ಲ. ಹಾಸನದಿಂದ ಹೊಳೆನರಸೀಪುರ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮೈಸೂರಿನ ರೈಲೂ ಅದೇ ದಾರಿಯಲ್ಲಿ ಸಾಗುತ್ತದೆ. ಹಾಸನ, ಚನ್ನರಾಯಪಟ್ಟಣ, ಅರಕಲಗೂಡಿನ ಕಡೆಯವರು ಮನೆಯಿಂದಲೇ ಓಡಾಡಬಹುದು. ಚಿಕ್ಕಮಗಳೂರಿನವರಿಗೆ ಇದು ಹೊಂದುವುದಿಲ್ಲ. ಅಲ್ಲಿಂದ ಹಾಸನಕ್ಕೇ ಅರವತ್ತು ಕಿಲೋಮೀಟರಿನಷ್ಟು ದೂರವಿದ್ದು, ನಿತ್ಯ ಓಡಾಡಿದರೆ ಓದುವ ಹೊತ್ತೆಲ್ಲ ಬಸ್ಸಿನಲ್ಲಿ ಕಳೆದುಹೋಗುತ್ತದೆ; ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಮಾತ್ರ ಯೋಚಿಸಬಹುದು. ಮಹಿಳಾ ಕಾಲೇಜಾದ್ದರಿಂದ ಹುಡುಗರಿಗೆ ಇಲ್ಲಿ ಪ್ರವೇಶವಿಲ್ಲ. ನ್ಯೂಟ್ರಿಷನ್ ಓದಲು ಬಯಸುವ ಹುಡುಗರ ಸಂಖ್ಯೆ ಸಣ್ಣದಿರಬಹುದು, ಆದರೆ ಅವರಿಗೆ ಹತ್ತಿರದ ಅಗ್ಗದ ದಾರಿಯೇ ಇಲ್ಲದಿರುವುದು ನನಗೆ ಬೇಸರ ತರುವ ಸಂಗತಿ.

ಇಲ್ಲಿ ಸೇರುವವರು ವಿಚಾರಿಸಿಕೊಳ್ಳಬೇಕಾದ ಇನ್ನೊಂದು ಸಂಗತಿ, ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂಬುದು. ದೀರ್ಘಕಾಲ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಹಾಸನ ಜಿಲ್ಲೆಗೆ 2023ರಲ್ಲಿ ಪ್ರತ್ಯೇಕ ಹಾಸನ ವಿಶ್ವವಿದ್ಯಾಲಯ ಬಂದಿದೆ, ಹೊಸ ವಿಶ್ವವಿದ್ಯಾಲಯಗಳ ಮುಂದಿನ ಸ್ವರೂಪದ ಬಗ್ಗೆ ಸರ್ಕಾರದ ಮಟ್ಟದಲ್ಲಿ ಚರ್ಚೆಯೂ ನಡೆದಿದೆ. ಇದರಿಂದ ಪದವಿಯ ಮೌಲ್ಯವೇನೂ ಕುಗ್ಗುವುದಿಲ್ಲ; ಆದರೆ ಅಂಕಪಟ್ಟಿ, ವರ್ಗಾವಣೆ, ಎಂ.ಎಸ್ಸಿ. ಅರ್ಜಿಗಳ ಸಮಯದಲ್ಲಿ ಯಾವ ಕಚೇರಿಗೆ ಹೋಗಬೇಕೆಂಬುದು ಮೊದಲೇ ಗೊತ್ತಿದ್ದರೆ ಒಳಿತು.

ಮೈಸೂರು, ಬೆಂಗಳೂರಿನ ಸಾಮಾನ್ಯ ಕಾಲೇಜುಗಳು

ಎರಡನೆಯ ದಾರಿ, ಆಹಾರ ಮತ್ತು ಪೋಷಣೆಯನ್ನು ಒಂದು ಮುಖ್ಯ ವಿಷಯವಾಗಿ ಇಟ್ಟುಕೊಂಡು ಜೊತೆಗೆ ರಸಾಯನಶಾಸ್ತ್ರ, ಜೀವರಸಾಯನ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದುವ ಬಿ.ಎಸ್ಸಿ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇಂಥ ಸಂಯೋಜನೆಗಳಿವೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಶ್ರೀಮತಿ ವಿ.ಎಚ್.ಡಿ. ಗೃಹವಿಜ್ಞಾನ ಕೇಂದ್ರೀಯ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಸರ್ಕಾರಿ ಮಹಿಳಾ ಕಾಲೇಜು. ಮೌಂಟ್ ಕಾರ್ಮೆಲ್‌ನಂಥ ಖಾಸಗಿ ಕಾಲೇಜುಗಳಲ್ಲೂ ನ್ಯೂಟ್ರಿಷನ್ ಓದಿಗೆ ಹಿಂದಿನಿಂದ ಒಳ್ಳೆಯ ಹೆಸರಿದೆ, ಆದರೆ ಶುಲ್ಕದ ಮಾತೇ ಬೇರೆ.

ಈ ದಾರಿಯ ದೊಡ್ಡ ಲಾಭ ಬಾಗಿಲುಗಳು ಮುಚ್ಚದಿರುವುದು. ಎರಡನೆಯ ವರ್ಷದಲ್ಲಿ ‘ನನಗೆ ರೋಗಿಗಳಿಗಿಂತ ಪ್ರಯೋಗಾಲಯವೇ ಇಷ್ಟ’ ಎನಿಸಿದರೆ ಜೀವರಸಾಯನ ಅಥವಾ ಸೂಕ್ಷ್ಮಜೀವಿಶಾಸ್ತ್ರದ ಕಡೆಗೆ ತಿರುಗಬಹುದು. ಮೈಸೂರಿನಲ್ಲಿ ಓದುವವರಿಗೆ ಪರಿಸರದ ಲಾಭವೂ ಇದೆ: ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗವಿದೆ, 1950ರಲ್ಲಿ ಆರಂಭವಾದ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಹಿಂದೆ ಡಿಎಫ್‌ಆರ್‌ಎಲ್ ಎಂದು ಹೆಸರಾಗಿದ್ದ, ಸೈನಿಕರ ಆಹಾರವನ್ನು ಸಂಶೋಧಿಸುತ್ತ ಬಂದ ರಕ್ಷಣಾ ಪ್ರಯೋಗಾಲಯವಿದೆ. ಪದವಿಯ ವಿದ್ಯಾರ್ಥಿಗಳಿಗೆ ಇವೆಲ್ಲ ನೇರವಾಗಿ ಪಾಠ ಹೇಳುವುದಿಲ್ಲ ನಿಜ, ಆದರೆ ವಿಚಾರ ಸಂಕಿರಣ, ಕಿರು ಯೋಜನೆ, ಮುಕ್ತ ದಿನಗಳ ಮೂಲಕ ಆ ಲೋಕದ ಪರಿಚಯವಾಗುತ್ತದೆ. ಆಸ್ಪತ್ರೆಯ ತರಬೇತಿ ಮಾತ್ರ ಇಲ್ಲಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಕೆಲವು ಕಡೆ ಅದು ಕೆಲವೇ ವಾರಗಳ ಭೇಟಿಯಲ್ಲಿ ಮುಗಿದುಹೋಗುತ್ತದೆ.

ಖರ್ಚಿನಲ್ಲಿ ಶುಲ್ಕಕ್ಕಿಂತ ವಸತಿ ಮತ್ತು ಊಟದ ಪಾಲೇ ದೊಡ್ಡದು. ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತೆಂದು ಸಂತೋಷಪಟ್ಟು ಪಿಜಿಯ ತಿಂಗಳ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದವರು ಮೊದಲ ವರ್ಷವೇ ಕಂಗಾಲಾಗುತ್ತಾರೆ. ಬೆಂಗಳೂರಿಗಿಂತ ಮೈಸೂರಿನಲ್ಲಿ ಈ ಹೊರೆ ಕಡಿಮೆ, ಹಾಸನದವರಿಗೆ ವಾರದ ಕೊನೆಗೆ ಊರಿಗೆ ಬಂದುಹೋಗುವುದೂ ಸುಲಭ.

ಪದವಿ ಎಷ್ಟು ವರ್ಷದ್ದು ಎಂಬ ಗೊಂದಲವೂ ಹಲವರಿಗಿದೆ. 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿದೆ. ಇದು ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಲೇಜುಗಳ ಮಾತು. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿಗಳು ನಡೆಯುತ್ತಿವೆ.

ಆಸ್ಪತ್ರೆಯ ಜೊತೆಗಿರುವ ಸಂಸ್ಥೆಗಳು

ಮೈಸೂರಿನ ಜೆಎಸ್‌ಎಸ್ ಉನ್ನತ ಶಿಕ್ಷಣ ಅಕಾಡೆಮಿಯಂಥ, ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯನ್ನು ಹೊಂದಿರುವ ಸಂಸ್ಥೆಗಳು ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ಪದವಿಯನ್ನು ನಡೆಸುತ್ತವೆ. ಡಯಟಿಷಿಯನ್ ಆಗಲೇಬೇಕೆಂದು ನಿಶ್ಚಯಿಸಿದವರಿಗೆ ಇದು ಅತ್ಯಂತ ನೇರವಾದ ದಾರಿ. ಪಾಠದ ಕೋಣೆಯಿಂದ ವಾರ್ಡಿಗೆ ನಡೆದೇ ಹೋಗಬಹುದಾದ ಕಡೆ ಓದಿದವರಿಗೂ, ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಆಸ್ಪತ್ರೆ ನೋಡಿಬಂದವರಿಗೂ ಕೈಯ ಪಳಗುವಿಕೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಮೂಗಿನ ನಳಿಕೆಯ ಮೂಲಕ ಕೊಡುವ ದ್ರವಾಹಾರವನ್ನು ಎಷ್ಟು ಹದಕ್ಕೆ ತಯಾರಿಸಬೇಕು, ಆಸ್ಪತ್ರೆಯ ಅಡುಗೆಮನೆಯಲ್ಲಿ ಉಪ್ಪಿಲ್ಲದ ತಟ್ಟೆ ಯಾವ ಹಾಸಿಗೆಗೆ ಹೋಗಬೇಕು, ವೈದ್ಯರ ರೌಂಡ್ಸ್‌ನಲ್ಲಿ ಎರಡು ಮಾತಿನಲ್ಲಿ ವರದಿ ಹೇಗೆ ಒಪ್ಪಿಸಬೇಕು ಎಂಬುದನ್ನು ಪುಸ್ತಕ ಕಲಿಸುವುದಿಲ್ಲ.

ಈ ದಾರಿಯ ಪರವಾಗಿ ಈಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಪೋಷಣಾ ವಿಜ್ಞಾನದ ವೃತ್ತಿಪರರನ್ನು, ಅಂದರೆ ಡಯಟಿಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಇಬ್ಬರನ್ನೂ, ತನ್ನ ವ್ಯಾಪ್ತಿಗೆ ತಂದಿದೆ. ಆರೋಗ್ಯ ವೃತ್ತಿಪರರೆನಿಸಿಕೊಳ್ಳಲು ಮೂರರಿಂದ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ 3,600 ಗಂಟೆಗಳ ಓದು ಮುಗಿಸಿರಬೇಕೆಂದು ಆ ಕಾಯ್ದೆ ಹೇಳುತ್ತದೆ. 2025ರಲ್ಲಿ ಈ ವೃತ್ತಿಗೆ ಮಾದರಿ ಪಠ್ಯಕ್ರಮವೂ ಪ್ರಕಟವಾಗಿದೆ. ಮುಂದೆ ಹೆಸರಿನ ಪಕ್ಕದಲ್ಲಿ ಡಯಟಿಷಿಯನ್ ಎಂದು ಬರೆದುಕೊಳ್ಳಲು ನೋಂದಣಿಯೇ ಆಧಾರವಾಗುವ ದಿಕ್ಕಿನಲ್ಲಿ ವ್ಯವಸ್ಥೆ ಸಾಗುತ್ತಿರುವಾಗ, ಸೇರುವ ಕೋರ್ಸು ಆ ಪಠ್ಯಕ್ರಮಕ್ಕೆ ಹೊಂದುತ್ತದೆಯೇ ಎಂದು ಯಾವ ಸಂಸ್ಥೆಯನ್ನಾದರೂ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಬಾಯಿಮಾತಿನ ಭರವಸೆ ನಾಲ್ಕು ವರ್ಷದ ನಂತರ ಉಪಯೋಗಕ್ಕೆ ಬರುವುದಿಲ್ಲ.

ತೊಂದರೆಯಿರುವುದು ಹಣದಲ್ಲಿ. ಇಂಥ ಕಡೆ ಶುಲ್ಕ, ಹಾಸ್ಟೆಲು, ಊಟ ಎಲ್ಲ ಸೇರಿ ಹಲವು ಲಕ್ಷಗಳ ಮಾತಾಗುತ್ತದೆ. ಎರಡೆಕರೆ ಕಾಫಿ ತೋಟದ ಮನೆಗೋ, ಜೋಳ ಆಲೂಗೆಡ್ಡೆ ಬೆಳೆಯುವ ಮನೆಗೋ ಇದು ಒಂದೆರಡು ಬೆಳೆಯ ಆದಾಯವನ್ನು ಮೀರಿದ ಮೊತ್ತ. ಪದವಿ ಮುಗಿಸಿದ ಕೂಡಲೇ ಸಿಗುವ ಡಯಟಿಷಿಯನ್ ಸಂಬಳ ಆ ಸಾಲದ ಕಂತನ್ನು ಸಲೀಸಾಗಿ ತೀರಿಸುವಷ್ಟಿರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಸಾಲ ಮಾಡದೆ ಹೊಂದಿಸಬಲ್ಲವರು, ಮಗು ಆಸ್ಪತ್ರೆಯ ಕೆಲಸವನ್ನೇ ಬಯಸುತ್ತದೆಂದು ಖಾತ್ರಿಯಿರುವವರು ಈ ದಾರಿ ಹಿಡಿಯಲಿ. ಖಾತ್ರಿ ಮಾಡಿಕೊಳ್ಳಲು ಒಂದು ಸುಲಭದ ಉಪಾಯವಿದೆ: ರಜೆಯಲ್ಲಿ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಕೆಲಸ ಮಾಡುವ ಪರಿಚಯದವರಿದ್ದರೆ, ಅನುಮತಿ ಪಡೆದು ಪಥ್ಯಾಹಾರದ ಸಲಹೆ ನಡೆಯುವ ಜಾಗದಲ್ಲಿ ಒಂದು ಬೆಳಿಗ್ಗೆ ಕುಳಿತು ನೋಡಿ ಬರುವುದು. ಹೊಗೆ, ವಾಸನೆ, ಅಳು, ಗದ್ದಲದ ನಡುವೆಯೂ ಮನಸ್ಸು ಅಲ್ಲೇ ನಿಂತರೆ ದಾರಿ ಸರಿಯಿದೆ ಎಂದು ತಿಳಿಯಬಹುದು.

ಕೃಷಿ ವಿಶ್ವವಿದ್ಯಾಲಯಗಳ ಬಾಗಿಲು

ರೈತರ ಮಕ್ಕಳು ಎಷ್ಟೋ ಸಲ ನೋಡದೆ ಬಿಡುವ ದಾರಿ ಇದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಇದೆ. ಆಹಾರ ಮತ್ತು ಪೋಷಣೆ ಅದರ ದೊಡ್ಡ ಅಂಗ. ಹಿಂದೆ ಗ್ರಾಮೀಣ ಗೃಹವಿಜ್ಞಾನ ಎಂದು ಕರೆಯುತ್ತಿದ್ದುದೇ ಈಗ ಈ ಹೆಸರು ಪಡೆದಿದೆ. ಹಳ್ಳಿಯಲ್ಲಿ ನೆಲೆಸಿ ಕೆಲಸ ಕಲಿಯುವ ಗ್ರಾಮೀಣ ಕಾರ್ಯಾನುಭವ ಪಠ್ಯದ ಭಾಗವಾಗಿಯೇ ಇರುವುದು ಇದರ ವಿಶೇಷ. ಪ್ರವೇಶ ಸಿಇಟಿಯ ಮೂಲಕ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವ ಆ ಪರೀಕ್ಷೆ ತೋಟ ಗದ್ದೆಯಲ್ಲಿ ಬೆಳೆದ ಮಕ್ಕಳಿಗೆ ಹೊಸದೇನಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾವನ್ನು ಕೋರಿರಬೇಕು. ಫಲಿತಾಂಶ ಬಂದ ಮೇಲೆ ನೆನಪಾದರೆ ಕಾಲ ಮಿಂಚಿರುತ್ತದೆ. ದೂರ ಮಾತ್ರ ಹೆಚ್ಚು, ಮಲೆನಾಡಿನ ಮಕ್ಕಳಿಗೆ ಧಾರವಾಡದ ಬಿಸಿಲಿಗೂ ಊಟಕ್ಕೂ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು.

ಆಹಾರ ತಂತ್ರಜ್ಞಾನದ ಬಿ.ಟೆಕ್. ಇದಕ್ಕೆ ಹತ್ತಿರದ್ದಾದರೂ ಬೇರೆಯದೇ ಓದು. ಅದು ಮನುಷ್ಯನ ದೇಹಕ್ಕಿಂತ ಪದಾರ್ಥವನ್ನು ನೋಡುತ್ತದೆ: ಹಾಲು ಏಕೆ ಒಡೆಯುತ್ತದೆ, ಹಪ್ಪಳದಲ್ಲಿ ತೇವ ಎಷ್ಟಿರಬೇಕು, ಡಬ್ಬಿಯಲ್ಲಿಟ್ಟ ಹಣ್ಣಿನ ರಸ ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ. ಕೃಷಿ ಕಾಲೇಜೊಂದು ಹಾಸನದ ಬಳಿಯ ಕಾರೆಕೆರೆಯಲ್ಲೇ ಇರುವುದರಿಂದ, ಸಿಇಟಿಯ ಆ ವರ್ಷದ ಸೀಟು ಪಟ್ಟಿಯಲ್ಲಿ ಅಲ್ಲಿ ಯಾವ ಯಾವ ಪದವಿಗಳಿವೆ ಎಂದು ಮೊದಲು ನೋಡಿಕೊಳ್ಳಿ. ಸರ್ಕಾರಿ ಕೆಲಸದ ದೃಷ್ಟಿಯಿಂದ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ 2011ರ ನಿಯಮಗಳು ಹೇಳಿರುವ ವಿದ್ಯಾರ್ಹತೆಗಳಲ್ಲಿ ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಕೃಷಿ ವಿಜ್ಞಾನ, ಪಶುವೈದ್ಯ ವಿಜ್ಞಾನ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ ಇವು ಸ್ಪಷ್ಟವಾಗಿ ಸೇರಿವೆ. ಆ ಹುದ್ದೆಯ ಮೇಲೆ ಕಣ್ಣಿಟ್ಟವರು ಬರೀ ನ್ಯೂಟ್ರಿಷನ್ ಪದವಿಯನ್ನು ನಂಬಿ ಕೂರುವುದಕ್ಕಿಂತ ಈ ವಿಷಯಗಳಲ್ಲೊಂದನ್ನು ಹಿಡಿಯುವುದು ಕ್ಷೇಮ. ಗಣಿತ ಕಂಡರೆ ಹಿಂಜರಿಯುವವರಿಗೆ, ಜನರ ಜೊತೆ ಮಾತನಾಡುವುದೇ ಇಷ್ಟವೆನ್ನುವವರಿಗೆ ಬಿ.ಟೆಕ್. ಹೇಳಿಸಿದ್ದಲ್ಲ.

ಊರಿನಲ್ಲೇ ಓದು, ಮತ್ತು ಮುಚ್ಚಿದ ಒಂದು ಬಾಗಿಲು

ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜಿನಲ್ಲೋ ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲೋ ರಸಾಯನಶಾಸ್ತ್ರ ಮತ್ತು ಜೀವವಿಜ್ಞಾನದ ವಿಷಯಗಳಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಆಹಾರ ವಿಜ್ಞಾನ ಅಥವಾ ಪೋಷಣೆಯಲ್ಲಿ ಎಂ.ಎಸ್ಸಿ. ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಹಾರ ವಿಜ್ಞಾನದ ಕಡೆಗೆ ಈ ದಾರಿ ಚೆನ್ನಾಗಿಯೇ ಹೋಗುತ್ತದೆ. ಡಯಟೆಟಿಕ್ಸ್ ಕಡೆಗೆ ಅಷ್ಟು ಸಲೀಸಲ್ಲ. ಪದವಿಯಲ್ಲಿ ಪೋಷಣೆ ಓದಿಲ್ಲದವರನ್ನು ಎಲ್ಲ ವಿಭಾಗಗಳೂ ತೆಗೆದುಕೊಳ್ಳುವುದಿಲ್ಲ. ಸೇರಬಯಸುವ ಎರಡು ಮೂರು ವಿಭಾಗಗಳ ಪ್ರವೇಶ ಪ್ರಕಟಣೆಯನ್ನು ಈಗಲೇ ತೆಗೆದು ಓದಿ, ಅಲ್ಲಿ ಹೆಸರಿಸಿರುವ ವಿಷಯಗಳನ್ನೇ ಪದವಿಯಲ್ಲಿ ಆರಿಸಿಕೊಂಡರೆ ಮುಂದೆ ಪೇಚಾಡುವುದು ತಪ್ಪುತ್ತದೆ.

ದೂರಶಿಕ್ಷಣದ ಮೂಲಕ ಓದುವ ಯೋಚನೆಯಿದ್ದವರು ಅದನ್ನು ಕೈಬಿಡಬೇಕು. ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆದೇಶಿಸಿದೆ. ಕೆಲಸಕ್ಕೆ ಹೋಗುತ್ತಾ ಓದುವ ಹೆಣ್ಣುಮಕ್ಕಳಿಗೆ ಇದರಿಂದ ಕಷ್ಟವಾಗಿದೆ ಎಂಬುದು ನಿಜ. ಆದರೂ ರೋಗಿಯ ಊಟದ ಹೊಣೆ ಹೊರುವ ವಿದ್ಯೆಯನ್ನು ಆಸ್ಪತ್ರೆಯ ಮೆಟ್ಟಿಲು ಹತ್ತದೆ ಕಲಿಯಲಾಗದು ಎಂಬ ಕಾರಣಕ್ಕೆ ಈ ಆದೇಶ ನನಗೆ ಸರಿಯೆನಿಸುತ್ತದೆ. ಕೆಲವೇ ವಾರಗಳಲ್ಲಿ ನ್ಯೂಟ್ರಿಷನಿಸ್ಟ್ ಮಾಡಿಬಿಡುತ್ತೇವೆ ಎಂದು ಮೊಬೈಲಿನಲ್ಲಿ ಬರುವ ಜಾಹೀರಾತುಗಳ ಪ್ರಮಾಣಪತ್ರವನ್ನು ಪದವಿಗೆ ಸಮವೆಂದು ಯಾರೂ ಭಾವಿಸಬಾರದು.

ಯಾರಿಗೆ ಯಾವುದು

ಹಾಸನ ಸೀಮೆಯ, ಕೈಬಿಗಿ ಹಿಡಿದು ನಡೆಯಬೇಕಾದ ಮನೆಯ ಹೆಣ್ಣುಮಗಳಿಗೆ ನನ್ನ ಸಲಹೆ ನೇರವಾದದ್ದು: ಹೊಳೆನರಸೀಪುರಕ್ಕೆ ಸೇರಿ, ಉಳಿದ ಹಣವನ್ನು ಎಂ.ಎಸ್ಸಿ.ಗೆ ಕಾಪಿಡಿ. ಹೆಚ್ಚಿನ ಮನೆಗಳಿಗೆ ಹೊಂದುವ ದಾರಿ ಇದೇ ಎಂದು ನಾನು ನಂಬಿದ್ದೇನೆ. ಆಸ್ಪತ್ರೆಯ ಅನುಭವದ ಕೊರತೆಯನ್ನು ಎಂ.ಎಸ್ಸಿ. ಹಂತದ ಇಂಟರ್ನ್‌ಶಿಪ್‌ನಲ್ಲಿ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಸಾಲದ ಹೊರೆಯನ್ನು ಹಾಗೆ ಇಳಿಸಿಕೊಳ್ಳಲಾಗುವುದಿಲ್ಲ. ಅಂಗನವಾಡಿ, ತಾಯಿ ಮಕ್ಕಳ ಆರೋಗ್ಯದ ಕೆಲಸದ ಕಡೆ ಒಲವಿದ್ದರಂತೂ ಗೃಹವಿಜ್ಞಾನ ಎರಡನೆಯ ದರ್ಜೆಯ ಆಯ್ಕೆಯಲ್ಲ, ಮೊದಲನೆಯದೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಈ ಕೆಲಸ ಬಲ್ಲವರ ಅಗತ್ಯ ನಮ್ಮ ಹಳ್ಳಿಗಳಿಗೆ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಚಿಕ್ಕಮಗಳೂರಿನವರಿಗೆ ಹೇಗೂ ಹಾಸ್ಟೆಲು ತಪ್ಪದು. ಹಾಗಿರುವಾಗ ಮೈಸೂರಿನ ಸಾಮಾನ್ಯ ಕಾಲೇಜಿನ ಬಿ.ಎಸ್ಸಿ. ಒಳ್ಳೆಯದು; ಸಿಇಟಿ ರ‍್ಯಾಂಕ್ ಮತ್ತು ಕೃಷಿಕರ ಕೋಟಾ ಎರಡೂ ಕೈಹಿಡಿದರೆ ಧಾರವಾಡವೂ ಒಳ್ಳೆಯದು. ಹುಡುಗರೂ ಈ ಎರಡರಲ್ಲೊಂದನ್ನು ಆರಿಸಿಕೊಳ್ಳಲಿ, ಆದರೆ ಮೈಸೂರು ಬೆಂಗಳೂರಿನಲ್ಲಿ ಈ ವಿಷಯವಿರುವ ಕೆಲವು ಹೆಸರುವಾಸಿ ಕಾಲೇಜುಗಳು ಹೆಣ್ಣುಮಕ್ಕಳಿಗಷ್ಟೇ ಇವೆ ಎಂಬುದನ್ನು ಗಮನಿಸಿ ಪಟ್ಟಿ ಮಾಡಿಕೊಳ್ಳಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ, ಹಿಂದುಳಿದ ವರ್ಗಗಳ ವಿದ್ಯಾಸಿರಿ ಮುಂತಾದ ನೆರವುಗಳಲ್ಲಿ ಈಗ ಜಾರಿಯಲ್ಲಿರುವವಕ್ಕೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರಗಳು ಮತ್ತು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಸಿದ್ಧವಿರಲಿ. ಈ ನೆರವು ಇಡೀ ಖರ್ಚನ್ನು ತುಂಬದಿದ್ದರೂ ಪುಸ್ತಕ ಮತ್ತು ಓಡಾಟದ ಬಾಬತ್ತನ್ನು ಹಗುರ ಮಾಡುತ್ತದೆ.

ಕಾಲೇಜು ನೋಡಲು ಹೋದಾಗ

ಕರಪತ್ರ ನೋಡಿ ಸೇರಬೇಡಿ. ಪಟ್ಟಿಯಲ್ಲಿರುವ ಎರಡು ಕಾಲೇಜುಗಳಿಗಾದರೂ ಖುದ್ದಾಗಿ ಹೋಗಿ ಬನ್ನಿ. ಪೋಷಣೆಯ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಅಲ್ಲಿ ಗ್ರಾಮಿನ ಲೆಕ್ಕದಲ್ಲಿ ತೂಗುವ ತಕ್ಕಡಿಗಳು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟಿವೆಯೇ, ಒಲೆಗಳು ಬಳಕೆಯಲ್ಲಿವೆಯೇ ಎಂದು ಗಮನಿಸಿ. ಬಳಸದ ಒಲೆಯ ಮೇಲೆ ಕೂತ ಧೂಳು ಪ್ರಾಂಶುಪಾಲರ ಮಾತಿಗಿಂತ ಹೆಚ್ಚು ನಿಜ ಹೇಳುತ್ತದೆ. ಈ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ವಿಚಾರಿಸಿ. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮ ಅಧ್ಯಾಪಕರಿದ್ದಾರೆ, ಆದರೆ ಅವರ ನೇಮಕ ತಡವಾದ ವರ್ಷ ಪಾಠಗಳೂ ತಡವಾಗಿ ಶುರುವಾಗುತ್ತವೆ. ಆಸ್ಪತ್ರೆಗೆ ಕಳುಹಿಸುತ್ತೇವೆ ಎಂದರೆ ಯಾವ ಆಸ್ಪತ್ರೆ, ಎಷ್ಟು ವಾರ, ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ಕೇಳಿ. ಕೊನೆಯ ವರ್ಷದ ವಿದ್ಯಾರ್ಥಿನಿಯರ ಜೊತೆ ಅಧ್ಯಾಪಕರಿಲ್ಲದಾಗ ಮಾತನಾಡಿ, ಹಿಂದಿನ ತಂಡದವರಲ್ಲಿ ಎಂ.ಎಸ್ಸಿ.ಗೆ ಹೋದವರೆಷ್ಟು, ಕೆಲಸಕ್ಕೆ ಸೇರಿದವರೆಷ್ಟು, ಮನೆಯಲ್ಲೇ ಉಳಿದವರೆಷ್ಟು ಎಂದು ತಿಳಿದುಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು: ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಉತ್ತರ ಯಾವ ಭಾಷೆಯಲ್ಲಿ ಬರೆಯಬಹುದು, ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳಿವೆಯೇ. ಪಠ್ಯಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ ಮೊದಲ ಸೆಮಿಸ್ಟರ್ ಕಷ್ಟವಾಗಬಹುದು. ಆದರೆ ಅಳತೆಯನ್ನು ಸೌಟು, ಲೋಟ, ಹಿಡಿ, ಚಟಾಕುಗಳಲ್ಲಿ ಹೇಳಬಲ್ಲ, ಮನೆಯ ಅಜ್ಜಿಗೂ ಅರ್ಥವಾಗುವಂತೆ ಪಥ್ಯ ತಿಳಿಸಬಲ್ಲವರ ಮಾತನ್ನೇ ರೋಗಿಗಳು ಪಾಲಿಸುತ್ತಾರೆ. ಆ ಶಕ್ತಿ ಕನ್ನಡದ ಮಕ್ಕಳಲ್ಲಿ ಮೊದಲೇ ಇರುತ್ತದೆ.

ರಾಜ್ಯದ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಪದವಿ ಪ್ರವೇಶಕ್ಕೆಂದಿರುವ ಯುಯುಸಿಎಂಎಸ್ ಪೋರ್ಟಲಿನ ಮೂಲಕ ಅರ್ಜಿ ಹಾಕಬೇಕು, ಕೃಷಿ ಕೋರ್ಸುಗಳ ಸೀಟು ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಯಲ್ಲಿದೆ, ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರವೇಶ ಅವರವರದೇ. ಈ ಮೂರರ ದಿನಾಂಕಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಸಿಇಟಿಯ ಸುತ್ತುಗಳು ಮುಗಿಯುವ ಮೊದಲೇ ಸರ್ಕಾರಿ ಕಾಲೇಜುಗಳ ಪ್ರವೇಶ ಕೊನೆಗೊಳ್ಳುವ ಸಾಧ್ಯತೆ ಇರುವುದರಿಂದ, ಧಾರವಾಡಕ್ಕೋ ಆಹಾರ ತಂತ್ರಜ್ಞಾನಕ್ಕೋ ಕಾಯುವವರು ಹೊಳೆನರಸೀಪುರದಲ್ಲೋ ಮೈಸೂರಿನಲ್ಲೋ ಒಂದು ಸೀಟು ಹಿಡಿದಿಟ್ಟುಕೊಂಡು ಕಾಯಲಿ. ಹಾಗೆ ಸೇರುವಾಗ ಮೂಲ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರವನ್ನು ಕಾಲೇಜಿಗೆ ಒಪ್ಪಿಸಬೇಕಾದರೆ, ಸೀಟು ಬಿಟ್ಟ ಸಂದರ್ಭದಲ್ಲಿ ಅವನ್ನು ಎಷ್ಟು ದಿನದಲ್ಲಿ ಮರಳಿಸುತ್ತಾರೆ, ಕಟ್ಟಿದ ಶುಲ್ಕದಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದನ್ನು ರಸೀದಿ ಪಡೆಯುವ ಮೊದಲೇ ಕೇಳಿಕೊಳ್ಳಿ.